ಮಾರಿಸ್ ಮೈನರ್‌ನಲ್ಲಿ ಪೆಟ್ರೋಲ್ ತೊಂದರೆ: ಟ್ಯಾಂಕಿನಿಂದ ಜೆಟ್‌ವರೆಗೆ ಹುಡುಕುವ ಕ್ರಮ

ಹಳೆಯ ಬ್ರಿಟಿಷ್ ಕಾರು ಮಾರಿಸ್ ಮೈನರ್ ಸ್ಟಾರ್ಟ್ ಆಗದಿದ್ದರೆ, ಏರಿನಲ್ಲಿ ಎಳೆಯದಿದ್ದರೆ, ಸಿಗ್ನಲ್‌ನಲ್ಲಿ ನಿಂತಾಗ ಆಫ್ ಆಗುತ್ತಿದ್ದರೆ ಹೆಚ್ಚಿನವರ ಕೈ ಮೊದಲು ಹೋಗುವುದು ಕಾರ್ಬ್ಯುರೇಟರ್ ಅಡಿಯ ಜೆಟ್ (ಪೆಟ್ರೋಲ್ ಹೊರಡುವ ಸಣ್ಣ ಕೊಳವೆ) ಹೊಂದಿಸುವ ನಟ್ಟಿಗೆ. ಅಲ್ಲಿಗೆ ಕೊನೆಯಲ್ಲಿ ಹೋಗಬೇಕು. ಆ ನಟ್ಟನ್ನು ಒಂದು ಸ್ಪ್ರಿಂಗ್ ಒತ್ತಿ ಹಿಡಿದಿರುತ್ತದೆ, ಅದು ತಾನಾಗಿ ತಿರುಗುವುದಿಲ್ಲ. ನಿನ್ನೆಯವರೆಗೆ ಸರಿಯಾಗಿ ಓಡಿದ ಗಾಡಿ ಇವತ್ತು ಕೆಟ್ಟಿದ್ದರೆ, ಕೆಟ್ಟಿರುವುದು ಜೆಟ್ ಸೆಟ್ಟಿಂಗ್ ಅಲ್ಲ, ಬೇರೇನೋ. ಕಾರಣ ಗೊತ್ತಾಗುವ ಮೊದಲೇ ನಟ್ ತಿರುಗಿಸಿದರೆ ಒಂದು ದೋಷ ಇದ್ದಲ್ಲಿ ಎರಡಾಗುತ್ತದೆ. ಆಮೇಲೆ ಮೊದಲನೆಯದನ್ನು ಹುಡುಕುವುದು ಇನ್ನೂ ಕಷ್ಟ.

ಇಲ್ಲಿ ಹೇಳುವುದು ಮುಖ್ಯವಾಗಿ 1098 ಸಿಸಿ ಮೈನರ್ 1000 ಗಾಡಿಗೆ. 1962ರಿಂದ ಬಂದ ಈ ಎಂಜಿನ್‌ಗೆ ಒಂದೂಕಾಲು ಇಂಚಿನ ಎಸ್‌ಯು ಎಚ್‌ಎಸ್2 ಕಾರ್ಬ್ಯುರೇಟರ್ ಇದೆ. ಹಳೆಯ 803 ಸಿಸಿ ಗಾಡಿಗೆ ಎಚ್1, 948 ಸಿಸಿಯ ಮೊದಲ ಗಾಡಿಗಳಿಗೆ ಎಚ್2 ಇರುತ್ತದೆ. ಕೆಲಸ ಮಾಡುವ ರೀತಿ ಎಲ್ಲದರಲ್ಲೂ ಒಂದೇ, ಬೇರೆಯಾಗುವಲ್ಲಿ ಹೇಳಿದೆ. ಮೈನರ್ ರೂಪಿಸಿದ ಅಲೆಕ್ ಇಸಿಗೋನಿಸ್ ಅವರದೇ ಮಿನಿಗೂ, 848 ಸಿಸಿ ಎಂಜಿನ್ನಿಗೆ ಎಚ್‌ಎಸ್2 ಇರುವುದರಿಂದ, ಕಾರ್ಬ್ಯುರೇಟರ್ ಭಾಗವೆಲ್ಲ ಹಾಗೆಯೇ ಅನ್ವಯಿಸುತ್ತದೆ. ನಮ್ಮಲ್ಲಿ ಬೇಬಿ ಹಿಂದೂಸ್ತಾನ್ ಎಂಬ ಹೆಸರಿನಲ್ಲಿ ಬಂದದ್ದೂ ಮೈನರ್ ಗಾಡಿಯೇ.

ಕೆಲಸಕ್ಕೆ ಕೈಹಾಕುವ ಮುನ್ನ ಒಂದು ಮಾತು. ಈ ಎಂಜಿನ್‌ನಲ್ಲಿ ಇನ್‌ಲೆಟ್, ಎಕ್ಸಾಸ್ಟ್ ಎರಡೂ ಒಂದೇ ಬದಿಗಿವೆ. ಕಾರ್ಬ್ಯುರೇಟರ್‌ನಿಂದ ಸೋರಿದ ಪೆಟ್ರೋಲ್ ಬೀಳುವುದು ಬಿಸಿ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಹತ್ತಿರಕ್ಕೆ. ಎಂಜಿನ್ ಆರಿದ ಮೇಲೆಯೇ ಪೈಪ್ ಬಿಚ್ಚಿ. ಗಾಡಿಯನ್ನು ಗಾಳಿಯಾಡುವ ಜಾಗದಲ್ಲಿ ನಿಲ್ಲಿಸಿ, ಪೌಡರ್ ತುಂಬಿದ ಬೆಂಕಿ ನಂದಿಸುವ ಸಿಲಿಂಡರ್ ಕೈಗೆಟಕುವಂತೆ ಇಟ್ಟುಕೊಳ್ಳಿ. ಬೆಳಕಿಗೆ ಎಲ್‌ಇಡಿ ಟಾರ್ಚ್ ಸಾಕು, ವೈರ್ ಎಳೆದ ಬಲ್ಬ್ ಬೇಡ.

ಇದು ಪೆಟ್ರೋಲ್ ದೋಷವೇ, ಕರೆಂಟ್ ದೋಷವೇ?

ಕಾರ್ಬ್ಯುರೇಟರ್ ಕೆಟ್ಟಿದೆ ಎಂದು ಗ್ಯಾರೇಜಿಗೆ ಬರುವ ಎಷ್ಟೋ ಗಾಡಿಗಳಲ್ಲಿ ಕೆಟ್ಟಿರುವುದು ಸ್ಪಾರ್ಕಿಗೆ ಸಂಬಂಧಿಸಿದ ಕಂಡೆನ್ಸರ್, ಪಾಯಿಂಟ್ ಅಥವಾ ವಾಲ್ವ್ ತೆರೆಯುವ ಟ್ಯಾಪೆಟ್. ಎಂಜಿನ್ ನಿಲ್ಲುವ ರೀತಿಯೇ ಸುಳಿವು ಕೊಡುತ್ತದೆ. ಪೆಟ್ರೋಲ್ ಸಾಲದೆ ನಿಲ್ಲುವ ಎಂಜಿನ್ ನಿಧಾನಕ್ಕೆ ಸೋಲುತ್ತದೆ: ಮೊದಲು ಎಳೆತ ಕಡಿಮೆಯಾಗಿ, ಒಂದೆರಡು ಸಲ ಚೇತರಿಸಿಕೊಂಡು, ಆಮೇಲೆ ನಿಲ್ಲುತ್ತದೆ. ಸ್ಪಾರ್ಕ್ ಹೋದ ಎಂಜಿನ್ ಸ್ವಿಚ್ ಆರಿಸಿದಂತೆ ಒಮ್ಮೆಲೆ ಸತ್ತುಹೋಗುತ್ತದೆ, ಅಥವಾ ಸೈಲೆನ್ಸರ್‌ನಲ್ಲಿ ಢಮಾರ್ ಎಂದು ಹೊಡೆದು ಜರ್ಕ್ ಕೊಡುತ್ತದೆ. ಬಿಸಿಯಾದ ಮೇಲಷ್ಟೇ ಕೈಕೊಡುವ ಕಂಡೆನ್ಸರ್ ಮಾತ್ರ ಪೆಟ್ರೋಲ್ ದೋಷದ ವೇಷ ಹಾಕಿ ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ಅನುಮಾನ ಬಂದರೆ ಬದಲಾಯಿಸಿ ನೋಡಿಬಿಡಿ, ಅಗ್ಗದ ಸಾಮಾನು.

ಅಳತೆಗಳು ಹೀಗಿವೆ. ಪಾಯಿಂಟ್ ಗ್ಯಾಪ್ 0.014ರಿಂದ 0.016 ಇಂಚು (ಸುಮಾರು 0.4 ಮಿ.ಮೀ.), ಪ್ಲಗ್ ಗ್ಯಾಪ್ 0.025 ಇಂಚು (0.64 ಮಿ.ಮೀ.), ಎಂಜಿನ್ ತಣ್ಣಗಿರುವಾಗ ಟ್ಯಾಪೆಟ್ ಗ್ಯಾಪ್ 0.012 ಇಂಚು (0.30 ಮಿ.ಮೀ.). ಫೈರಿಂಗ್ ಆರ್ಡರ್ 1-3-4-2. ಟ್ಯಾಪೆಟ್ಟನ್ನು ಬೇಕೆಂದೇ ಇಲ್ಲಿ ಸೇರಿಸಿದೆ. ಸೀಸ ಹಾಕಿದ ಪೆಟ್ರೋಲ್ ಬ್ರಿಟನ್ನಿನಲ್ಲೂ ನಮ್ಮಲ್ಲೂ 2000ದಲ್ಲಿ ನಿಂತಿತು. ಗಟ್ಟಿ ಸೀಟ್ ಹಾಕಿಸದ ಹಳೆಯ ಹೆಡ್‌ಗಳಲ್ಲಿ ಎಕ್ಸಾಸ್ಟ್ ವಾಲ್ವ್ ಸೀಟಿನೊಳಕ್ಕೆ ಸವೆದು ಇಳಿಯುತ್ತದೆ, ಟ್ಯಾಪೆಟ್ ಗ್ಯಾಪ್ ತಾನಾಗಿ ಮುಚ್ಚಿಕೊಳ್ಳುತ್ತದೆ. ವಾಲ್ವ್ ಪೂರ್ತಿ ಕೂರದೆ ಐಡ್ಲಿಂಗ್ ಒದ್ದಾಡುತ್ತದೆ. ನೋಡಿದವರಿಗೆ ಕಾರ್ಬ್ಯುರೇಟರ್ ತೊಂದರೆಯಂತೆಯೇ ಕಾಣುತ್ತದೆ. ಜೆಟ್ ಎಷ್ಟು ತಿರುಗಿಸಿದರೂ ಅದು ಸರಿಹೋಗುವುದಿಲ್ಲ.

ಚೋಕ್ ಎಳೆದು ನೋಡಿ

ಸಲಕರಣೆ ಬೇಡದ, ರಸ್ತೆಯಲ್ಲೇ ಮಾಡಬಹುದಾದ ಅತ್ಯುತ್ತಮ ಪರೀಕ್ಷೆ ಇದು. ಎಂಜಿನ್ ಬಿಸಿಯಿದೆ, ಗಾಡಿ ಎಳೆಯುತ್ತಿಲ್ಲ. ಚೋಕ್ ಗುಬುಟನ್ನು ಅರ್ಧ ಇಂಚು ಎಳೆಯಿರಿ. ಎಳೆತ ಸುಧಾರಿಸಿದರೆ ಎಂಜಿನ್‌ಗೆ ಪೆಟ್ರೋಲ್ ಸಾಲುತ್ತಿಲ್ಲ, ಅಂದರೆ ಲೀನ್. ಇನ್ನಷ್ಟು ಕೆಟ್ಟರೆ ಪೆಟ್ರೋಲ್ ಆಗಲೇ ಹೆಚ್ಚಿದೆ, ಅಂದರೆ ರಿಚ್. ಏನೂ ಬದಲಾಗದಿದ್ದರೆ ಪೆಟ್ರೋಲನ್ನು ಬಿಟ್ಟು ಇಗ್ನಿಷನ್ ಕಡೆ ತಿರುಗಿ.

ಪ್ಲಗ್ ಕೂಡ ಇದನ್ನೇ ಹೇಳುತ್ತದೆ. ಒಣ ಕಪ್ಪು ಮಸಿ ರಿಚ್‌ನ ಗುರುತು, ಸುಣ್ಣದಂಥ ಬಿಳುಪು ಲೀನ್‌ನದು. ಎಣ್ಣೆ ಹಿಡಿದ ಹಸಿ ಕಪ್ಪು ಕಂಡರೆ ರಿಂಗ್ ಅಥವಾ ವಾಲ್ವ್ ಗೈಡ್ ಸವೆದಿದೆ, ಅದಕ್ಕೂ ಕಾರ್ಬ್ಯುರೇಟರ್‌ಗೂ ಸಂಬಂಧವಿಲ್ಲ. ಈಗಿನ ಸೀಸವಿಲ್ಲದ ಪೆಟ್ರೋಲಿನಲ್ಲಿ ಪ್ಲಗ್ ಬಣ್ಣ ಹಳೆಯ ಪುಸ್ತಕದ ಚಿತ್ರಕ್ಕಿಂತ ತಿಳಿಯಾಗಿಯೇ ಇರುತ್ತದೆ. ತಿಳಿ ಕಂದು ಇದ್ದರೆ ಸಾಕು, ಗಾಢ ಬಣ್ಣ ಬರಲೆಂದು ರಿಚ್ ಮಾಡಬೇಡಿ.

ಟ್ಯಾಂಕ್ ಮತ್ತು ಪೈಪ್

ಗಾಡಿ ಹತ್ತು ಹದಿನೈದು ನಿಮಿಷ ಚೆನ್ನಾಗಿ ಓಡಿ ಆಮೇಲೆ ಸೋಲುತ್ತದೆ, ಸ್ವಲ್ಪ ಹೊತ್ತು ನಿಲ್ಲಿಸಿದರೆ ಮತ್ತೆ ಓಡುತ್ತದೆ ಎಂದಾದರೆ ಮೊದಲು ಟ್ಯಾಂಕಿನ ಮುಚ್ಚಳ ತೆಗೆಯಿರಿ. ಒಳಕ್ಕೆ ಗಾಳಿ ಎಳೆದುಕೊಳ್ಳುವ ಸದ್ದು ಬಂದರೆ ಮುಚ್ಚಳದ ಗಾಳಿ ತೂತು ಮುಚ್ಚಿದೆ. ಪೆಟ್ರೋಲ್ ಹೊರಟಷ್ಟೂ ಗಾಳಿ ಒಳಗೆ ಬರದೆ ಟ್ಯಾಂಕಿನಲ್ಲಿ ನಿರ್ವಾತ ಕಟ್ಟಿಕೊಂಡು ಪಂಪಿಗೆ ಎಳೆಯಲಾಗದಂತಾಗುತ್ತದೆ. ಬೇರೆ ಗಾಡಿಯ ತೂತಿಲ್ಲದ ಮುಚ್ಚಳ ಹಾಕಿರುವ ಮೈನರ್‌ಗಳಲ್ಲಿ ಇದು ಸಾಮಾನ್ಯ.

ಬಹಳ ದಿನ ನಿಂತಿದ್ದ ಗಾಡಿಯಾದರೆ ಒಂದು ಗಾಜಿನ ಬಾಟಲಿಗೆ ಟ್ಯಾಂಕಿನ ತಳದ ಪೆಟ್ರೋಲ್ ಇಳಿಸಿ ಅರ್ಧ ಗಂಟೆ ಅಲುಗಾಡಿಸದೆ ಇಡಿ. ತಳದಲ್ಲಿ ಕೆಂಪು ಪುಡಿ ಕೂತರೆ ತುಕ್ಕು. ಬೇರೆಯೇ ಒಂದು ಪದರ ಕಂಡರೆ ಅದು ನೀರು ಕುಡಿದ ಎಥನಾಲ್. ಹಳಸಿದ ಪೆಟ್ರೋಲ್ ವಾಸನೆಯಿಂದಲೇ ತಿಳಿಯುತ್ತದೆ, ಒಣಗಿದಲ್ಲೆಲ್ಲ ಹಲಸಿನ ಮೇಣದಂತೆ ಅಂಟುವ ಕಂದು ಪದರ ಬಿಟ್ಟಿರುತ್ತದೆ. ಅಂಥ ಪೆಟ್ರೋಲಿಗೆ ಹೊಸದನ್ನು ಬೆರೆಸಿ ಓಡಿಸುವುದು ಬೇಡ. ಪೂರ್ತಿ ಇಳಿಸಿ, ಟ್ಯಾಂಕ್ ತೊಳೆಸಿ.

ಪಂಪ್‌ನ ಟಿಕ್ ಟಿಕ್

ಮೈನರ್‌ನ ಎಸ್‌ಯು ಎಲೆಕ್ಟ್ರಿಕ್ ಪಂಪ್ ಬಾನೆಟ್ ಒಳಗೆ, ಹಿಂದಿನ ತಗಡಿನ ಮೇಲೆ ಕೂತಿದೆ. ಟ್ಯಾಂಕ್ ಇರುವುದು ಗಾಡಿಯ ಹಿಂಬದಿಯಲ್ಲಿ. ಅಂದರೆ ಪಂಪ್ ಇಡೀ ಗಾಡಿಯುದ್ದ ಪೆಟ್ರೋಲನ್ನು ಹೀರಬೇಕು. ಒಳಗೆ ಕಾಯಿಲ್ ಡಯಾಫ್ರಮ್ಮನ್ನು ಎಳೆಯುತ್ತದೆ, ಪಾಯಿಂಟ್ ಬಿಟ್ಟುಕೊಂಡಾಗ ಸ್ಪ್ರಿಂಗ್ ಅದನ್ನು ತಳ್ಳುತ್ತದೆ. ಒಂದೊಂದು ತಳ್ಳಿಗೂ ಒಂದು ಟಿಕ್. ಈ ಸದ್ದನ್ನು ಓದಲು ಕಲಿತವರಿಗೆ ಅರ್ಧ ರೋಗನಿದಾನ ಸ್ವಿಚ್ ಆನ್ ಮಾಡಿದ ಕೂಡಲೇ ಆಗಿರುತ್ತದೆ.

ಎಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಆನ್ ಮಾಡಿ. ಬೇಗ ಬೇಗ ಟಿಕ್ ಹೊಡೆದು, ನಿಧಾನವಾಗಿ, ಫ್ಲೋಟ್ ಚೇಂಬರ್ (ಕಾರ್ಬ್ಯುರೇಟರ್ ಪಕ್ಕದ ಪೆಟ್ರೋಲ್ ಬಟ್ಟಲು) ತುಂಬಿದಾಗ ನಿಂತರೆ ಪಂಪ್ ಸರಿಯಿದೆ. ಆಮೇಲೆ ಅರ್ಧ ನಿಮಿಷಕ್ಕೊಮ್ಮೆಗಿಂತ ಹೆಚ್ಚು ಟಿಕ್ ಎಂದರೆ ಎಲ್ಲೋ ಪೆಟ್ರೋಲ್ ಜಾರುತ್ತಿದೆ: ಹೊರಗೆ ಪೈಪಿನಲ್ಲಿ ಸೋರಿಕೆ, ಬಟ್ಟಲು ತುಂಬಿದಾಗ ಪೆಟ್ರೋಲ್ ತಡೆಯುವ ಫ್ಲೋಟ್ ನೀಡಲ್ ಸರಿಯಾಗಿ ಕೂರದಿರುವುದು ಅಥವಾ ಪಂಪಿನ ವಾಲ್ವ್ ಹಿಂದಕ್ಕೆ ಬಿಡುತ್ತಿರುವುದು.

ಸದ್ದೇ ಇಲ್ಲದಿದ್ದರೆ ಸ್ಕ್ರೂ ಡ್ರೈವರ್ ಹಿಡಿಯಿಂದ ಪಂಪಿನ ಮೈಮೇಲೆ ಮೆಲ್ಲಗೆ ತಟ್ಟಿ. ತಟ್ಟಿದಾಗ ಓಡಲು ಶುರುವಾದರೆ ಒಳಗಿನ ಪಾಯಿಂಟ್ ಕಪ್ಪಗಾಗಿದೆ. ತುದಿಯ ಕಪ್ಪು ಮುಚ್ಚಳ ಬಿಚ್ಚಿ, ಪಾಯಿಂಟ್‌ಗಳ ನಡುವೆ ದಪ್ಪ ಕಾಗದದ ಪಟ್ಟಿ ತೂರಿಸಿ ಎಳೆಯಿರಿ, ಕಾಗದಕ್ಕೆ ಕಪ್ಪು ಬರುವುದು ನಿಲ್ಲುವವರೆಗೆ. ತುಂಬ ಸುಟ್ಟಿದ್ದರೆ ಅತಿ ನಯವಾದ ಎಮರಿ ಕಾಗದದಿಂದ ಒಂದೆರಡು ಸಲ ಉಜ್ಜಬಹುದು, ಆದರೆ ಹೊಸ ಪಾಯಿಂಟ್ ಸೆಟ್‌ಗೆ ಆರ್ಡರ್ ಮಾಡಿಡಿ. ತಟ್ಟಿದರೂ ಓಡದಿದ್ದರೆ 12 ವೋಲ್ಟ್ ಟೆಸ್ಟ್ ಬಲ್ಬಿನ ಒಂದು ತುದಿಯನ್ನು ಪಂಪ್ ಟರ್ಮಿನಲ್‌ಗೆ, ಇನ್ನೊಂದನ್ನು ಬಾಡಿಗೆ ಹಿಡಿಯಿರಿ. ಉರಿಯದಿದ್ದರೆ ಇಗ್ನಿಷನ್ ಸ್ವಿಚ್‌ನಿಂದ ಬರುವ ಬಿಳಿ ವೈರನ್ನು ಹುಡುಕಿಕೊಂಡು ಹೋಗಿ. ಉರಿದರೆ ಪಂಪಿನ ಅರ್ಥ್ ವೈರ್ ಬಿಚ್ಚಿ, ತುಕ್ಕು ಕೆರೆದು, ಬಿಗಿ ಮಾಡಿ.

ನಿಲ್ಲದೆ ಪಟಪಟನೆ ಓಡುತ್ತಿದೆ, ಪೆಟ್ರೋಲ್ ಮಾತ್ರ ಬರುತ್ತಿಲ್ಲ ಎಂದರೆ ಪಂಪ್ ಪೆಟ್ರೋಲ್ ಬದಲು ಗಾಳಿ ಹೀರುತ್ತಿದೆ. ಟ್ಯಾಂಕಿನಲ್ಲಿ ಪೆಟ್ರೋಲ್ ಇರುವುದನ್ನು ಡಿಪ್ ಕಡ್ಡಿಯಿಂದ ಖಚಿತಪಡಿಸಿಕೊಳ್ಳಿ, ಈ ವಯಸ್ಸಿನ ಗಾಡಿಯ ಗೇಜನ್ನು ನಂಬಬೇಡಿ. ಆಮೇಲೆ ಕಾರ್ಬ್ಯುರೇಟರ್ ಕಡೆಯ ಪೈಪ್ ಬಿಚ್ಚಿ ಅದರ ತುದಿಯನ್ನು ಒಂದು ಡಬ್ಬಿಯ ಪೆಟ್ರೋಲಿನಲ್ಲಿ ಮುಳುಗಿಸಿ ಸ್ವಿಚ್ ಆನ್ ಮಾಡಿ. ಮೊದಲ ಕೆಲವು ಗುಳ್ಳೆಗಳು ಸಹಜ. ಗುಳ್ಳೆ ಬರುತ್ತಲೇ ಇದ್ದರೆ ಟ್ಯಾಂಕಿನಿಂದ ಪಂಪಿನವರೆಗಿನ ಯಾವುದೋ ಜಾಯಿಂಟ್ ಗಾಳಿ ಎಳೆಯುತ್ತಿದೆ. ಇಲ್ಲಿ ಹೊರಗೆ ಸೋರಿಕೆ ಕಾಣುವುದಿಲ್ಲ ಎನ್ನುವುದೇ ತೊಡಕು. ಹೀರುವ ಪೈಪ್ ಪೆಟ್ರೋಲ್ ಹೊರಬಿಡುವುದಕ್ಕಿಂತ ಗಾಳಿ ಒಳಗೆಳೆಯುತ್ತದೆ. ಬಿರುಕು ಬಿಟ್ಟ ರಬ್ಬರ್ ತುಂಡು, ಸಡಿಲ ಯೂನಿಯನ್ ನಟ್, ಪಂಪ್ ತಳದ ಹಿತ್ತಾಳೆ ಫಿಲ್ಟರ್ ಪ್ಲಗ್ಗಿನ ವಾಷರ್, ಈ ಮೂರನ್ನು ನೋಡಿ.

ಪಂಪ್ ನಿಧಾನಕ್ಕೆ ಒದ್ದಾಡುತ್ತ ಮೈ ಬಿಸಿಯಾದರೆ ಹೀರುವ ಕಡೆ ಕಟ್ಟಿಕೊಂಡಿದೆ. ತಳದ ಆ ಹಿತ್ತಾಳೆ ಪ್ಲಗ್ ಬಿಚ್ಚಿದರೆ ಜಾಲರಿ ಫಿಲ್ಟರ್ ಸಿಗುತ್ತದೆ. ಬ್ರಶ್ಶಿನಲ್ಲಿ ಪೆಟ್ರೋಲ್ ಹಚ್ಚಿ ತೊಳೆಯಿರಿ, ಬಟ್ಟೆಯಲ್ಲಿ ಒರೆಸಬೇಡಿ, ನೂಲು ಉಳಿಯುತ್ತದೆ. ಜಾಲರಿ ಸ್ವಚ್ಛವಿದ್ದರೆ ಟ್ಯಾಂಕ್ ಮುಚ್ಚಳ ತೆಗೆದು, ಪಂಪಿನಿಂದ ಬಿಚ್ಚಿದ ಪೈಪಿಗೆ ಟ್ಯಾಂಕಿನ ಕಡೆಗೆ ಗಾಳಿ ಊದಿಸಿ. ಪಂಪಿನ ಮೂಲಕ ಮಾತ್ರ ಗಾಳಿ ಊದಬಾರದು, ಅದರ ವಾಲ್ವ್ ಹಾಳಾಗುತ್ತದೆ.

ಪ್ರಮಾಣದ ಪರೀಕ್ಷೆ ಸುಲಭ: ಕಾರ್ಬ್ಯುರೇಟರ್ ಕಡೆಯ ಪೈಪನ್ನು ಅಳತೆ ಬಾಟಲಿಗೆ ಬಿಟ್ಟು ಪಂಪ್ ಓಡಿಸಿ. ನಿಮಿಷಕ್ಕೆ ಅರ್ಧ ಲೀಟರ್ ಆಸುಪಾಸು ಬಂದರೆ ಈ ಎಂಜಿನ್‌ಗೆ ಧಾರಾಳ ಸಾಕು. ಎಸ್‌ಯು ಪಂಪ್ ಬದಲು ಮಾರುಕಟ್ಟೆಯ ಬೇರೆ ಪಂಪ್ ಹಾಕಿದ್ದರೆ ಒತ್ತಡ ನೋಡಿ. 1.5ರಿಂದ 2.5 ಪಿಎಸ್‌ಐ ಈ ಕಾರ್ಬ್ಯುರೇಟರ್‌ಗೆ ಒಗ್ಗುತ್ತದೆ. ಅದಕ್ಕಿಂತ ಬಹಳ ಹೆಚ್ಚಾದರೆ ಫ್ಲೋಟ್ ನೀಡಲ್ಲನ್ನು ತಳ್ಳಿಕೊಂಡು ಓವರ್‌ಫ್ಲೋ ಆಗುತ್ತದೆ. ಇನ್ನೊಂದು ವಿಷಯ, ಮೂಲ ಸ್ಥಿತಿಯ ಮೈನರ್‌ಗೆ ಪಾಸಿಟಿವ್ ಅರ್ಥ್ ಇರುತ್ತದೆ. ಎಲೆಕ್ಟ್ರಾನಿಕ್ ಪಂಪ್ ಹಾಕುವ ಮುನ್ನ ಬ್ಯಾಟರಿಯ ಯಾವ ತುದಿ ಬಾಡಿಗೆ ಸೇರಿದೆ ನೋಡಿ. ತಿರುಗಾಮುರುಗಾ ಕೊಟ್ಟರೆ ಪಂಪ್ ಅಲ್ಲೇ ಸುಡುತ್ತದೆ.

ಫ್ಲೋಟ್ ಚೇಂಬರ್

ಪಂಪ್ ಸರಿಯಿದ್ದು ಗಾಡಿ ಏರಿನಲ್ಲಿ ಸೋತರೆ, ಸೋತ ಕ್ಷಣವೇ ಇಗ್ನಿಷನ್ ಆಫ್ ಮಾಡಿ ಬದಿಗೆ ನಿಲ್ಲಿಸಿ, ಮ್ಯಾನಿಫೋಲ್ಡ್ ಆರಿದ ಮೇಲೆ ಫ್ಲೋಟ್ ಚೇಂಬರ್ ಮುಚ್ಚಳ (ಎಚ್‌ಎಸ್2ರಲ್ಲಿ ಮೂರು ಸ್ಕ್ರೂ) ಬಿಚ್ಚಿ ಒಳಗೆ ನೋಡಿ. ಚೇಂಬರ್ ಬಹುತೇಕ ಖಾಲಿಯಿದ್ದರೆ ದೋಷ ಇದಕ್ಕಿಂತ ಹಿಂದೆ ಇದೆ. ತುಂಬಿದ್ದರೆ ಮುಂದೆ, ಜೆಟ್ ಮತ್ತು ಕಾರ್ಬ್ಯುರೇಟರ್ ಒಳಗಿನ ಪಿಸ್ಟನ್ ಕಡೆ ಇದೆ. ಇಡೀ ಹುಡುಕಾಟವನ್ನು ಎರಡು ಭಾಗ ಮಾಡುವ ಪರೀಕ್ಷೆ ಇದು. ಮಾಡದೆ ಮುಂದಕ್ಕೆ ಹೋಗಬೇಡಿ. ಎಚ್1, ಎಚ್2 ಇರುವ ಗಾಡಿಗಳಲ್ಲಿ ಪೆಟ್ರೋಲ್ ಪೈಪ್ ಮುಚ್ಚಳಕ್ಕೆ ಸೇರುವ ಬೋಲ್ಟಿನ ಒಳಗೂ ಒಂದು ಪುಟ್ಟ ಜಾಲರಿ ಇದೆ. ಅಲ್ಲಿ ಕಸ ಕಟ್ಟಿದರೂ ಇದೇ ಲಕ್ಷಣ.

ಓವರ್‌ಫ್ಲೋ ಆಗುತ್ತಿದ್ದರೆ ಕಾರಣ ಮೂರರಲ್ಲಿ ಒಂದು. ನೀಡಲ್ ಸೀಟಿನಲ್ಲಿ ಕಸ: ಚೇಂಬರ್ ಮೇಲೆ ಮೆಲ್ಲಗೆ ತಟ್ಟಿದಾಗ ನಿಂತರೆ ಇದೇ. ನೀಡಲ್ ಸವೆತ: ಕೋನದ ತುದಿಯಲ್ಲಿ ಸುತ್ತ ಒಂದು ಗೆರೆ ಕೊರೆದಿದ್ದರೆ ನೀಡಲ್, ಸೀಟ್ ಎರಡನ್ನೂ ಜೊತೆಯಾಗಿ ಬದಲಾಯಿಸಿ. ಮೂರನೆಯದು ಫ್ಲೋಟ್ ತೂತು: ಕಿವಿಯ ಹತ್ತಿರ ಅಲುಗಿಸಿದರೆ ಒಳಗೆ ಪೆಟ್ರೋಲ್ ಕುಲುಕುವುದು ಕೇಳುತ್ತದೆ. ಕೇಳದಿದ್ದರೂ ಅನುಮಾನವಿದ್ದರೆ, ಬೆಂಕಿಯಿಂದ ದೂರ, ಬಿಸಿನೀರಿನಲ್ಲಿ ಮುಳುಗಿಸಿ. ತೂತಿದ್ದ ಜಾಗದಿಂದ ಗುಳ್ಳೆ ಹೊರಡುತ್ತದೆ. ಹಿತ್ತಾಳೆ ಫ್ಲೋಟಿಗೆ ಬೆಸುಗೆ ಹಾಕಿ ರಿಪೇರಿ ಮಾಡುವುದಕ್ಕಿಂತ ಹೊಸದು ಹಾಕುವುದು ಒಳ್ಳೆಯದು. ಬೆಸುಗೆಯ ತೂಕಕ್ಕೆ ಮಟ್ಟ ಏರಿಬಿಡುತ್ತದೆ, ಒಳಗೆ ಉಳಿದ ಪೆಟ್ರೋಲ್ ಆವಿಗೆ ಬೆಂಕಿ ತಗಲುವ ಭಯವೂ ಇದೆ.

ಎಚ್‌ಎಸ್2ರಲ್ಲಿ ಮಟ್ಟ ನೋಡುವುದು ಹೀಗೆ. ಮುಚ್ಚಳವನ್ನು ತಲೆಕೆಳಗಾಗಿ ಹಿಡಿಯಿರಿ, ಫ್ಲೋಟ್ ತನ್ನ ತೂಕದಿಂದ ನೀಡಲ್ ಮುಚ್ಚಲಿ. ಮುಚ್ಚಳದ ಅಂಚಿಗೂ ಫ್ಲೋಟ್ ಲಿವರ್‌ಗೂ ನಡುವೆ 3.2ರಿಂದ 4.8 ಮಿ.ಮೀ. ಇರಬೇಕು. 4 ಮಿ.ಮೀ. ಡ್ರಿಲ್ ಬಿಟ್ಟಿನ ಹಿಂಭಾಗವನ್ನು ಅಡ್ಡ ಇಟ್ಟರೆ ಸಾಕಷ್ಟು ಖಚಿತ ಅಳತೆ ಸಿಗುತ್ತದೆ. ಕಬ್ಬಿಣದ ಲಿವರ್ ಇದ್ದರೆ ಬುಡದಲ್ಲಿ ಮೆಲ್ಲಗೆ ಬಗ್ಗಿಸಿ. ಲಿವರ್ ಸಹಿತ ಪೂರ್ತಿ ನೈಲಾನಿನ ಫ್ಲೋಟಾದರೆ ಬಗ್ಗಿಸುವಂತಿಲ್ಲ. ನೀಡಲ್ ಸೀಟಿನ ಅಡಿಗೆ ತೆಳು ವಾಷರ್ ಹಾಕಿ ಹೊಂದಿಸಬೇಕು.

ಪಿಸ್ಟನ್, ಡ್ಯಾಂಪರ್, ಜೆಟ್

ಎಸ್‌ಯು ಕಾರ್ಬ್ಯುರೇಟರ್‌ನಲ್ಲಿ ಐಡ್ಲಿಂಗ್‌ಗೆ ಬೇರೆ ಜೆಟ್ ಇಲ್ಲ, ಆಕ್ಸಿಲರೇಟರ್ ಪಂಪೂ ಇಲ್ಲ. 0.090 ಇಂಚಿನ ಒಂದೇ ಜೆಟ್, ಅದರೊಳಗೆ ಚೂಪಾಗುತ್ತ ಇಳಿಯುವ ಒಂದೇ ನೀಡಲ್. ಎಂಜಿನ್ ಹೆಚ್ಚು ಗಾಳಿ ಎಳೆದಷ್ಟೂ ಪಿಸ್ಟನ್ ಮೇಲೇಳುತ್ತದೆ, ಜೊತೆಗೆ ನೀಡಲ್ಲೂ ಎದ್ದು ಪೆಟ್ರೋಲಿಗೆ ಜಾಗ ದೊಡ್ಡದಾಗುತ್ತದೆ. ಇದು ಅರ್ಥವಾದರೆ ಒಂದು ದೊಡ್ಡ ಗೊಂದಲ ತಪ್ಪುತ್ತದೆ: "ಐಡ್ಲಿಂಗ್ ಜೆಟ್ ಕಟ್ಟಿದೆ" ಎಂಬ ಮಾತಿಗೆ ಇಲ್ಲಿ ಅರ್ಥವಿಲ್ಲ. ಓಡುವಾಗ ಚೆನ್ನಾಗಿದ್ದು ಐಡ್ಲಿಂಗ್ ಮಾತ್ರ ಕೆಟ್ಟಿದ್ದರೆ ಹೆಚ್ಚಾಗಿ ಹೊರಗಿನ ಗಾಳಿ ನುಗ್ಗುತ್ತಿದೆ ಎಂದೇ ತಿಳಿಯಿರಿ.

ಮೊದಲು ಡ್ಯಾಂಪರ್. ಮೇಲಿನ ಕಪ್ಪು ಅಥವಾ ಹಿತ್ತಾಳೆ ಮುಚ್ಚಳ ಬಿಚ್ಚಿ, ಮತ್ತೆ ಒಳಕ್ಕೆ ಇಳಿಸಿ. ಮುಚ್ಚಳ ಕೂರಲು ಇನ್ನೂ 6 ಮಿ.ಮೀ. ಇರುವಾಗಲೇ ಎಣ್ಣೆಯ ತಡೆ ಬೆರಳಿಗೆ ಸಿಗಬೇಕು. ಸಿಗದಿದ್ದರೆ ಎಸ್‌ಎಇ 20 ಎಂಜಿನ್ ಆಯಿಲ್ ಹಾಕಿ. ಅದು ಸಿಗದ ಊರಿನಲ್ಲಿ 20ಡಬ್ಲ್ಯು-50 ನಡೆಯುತ್ತದೆ. ಹೊಲಿಗೆ ಯಂತ್ರದ ಎಣ್ಣೆ ತೀರ ತೆಳು. ಆಕ್ಸಿಲರೇಟರ್ ಒಮ್ಮೆಲೆ ಒತ್ತಿದಾಗ ಪಿಸ್ಟನ್ ತಟ್ಟನೆ ಹಾರದಂತೆ ಹಿಡಿದು, ಕ್ಷಣಕಾಲ ರಿಚ್ ಮಾಡುವುದೇ ಈ ಎಣ್ಣೆಯ ಕೆಲಸ. ಎಣ್ಣೆ ಒಣಗಿದ ಗಾಡಿ ಒಂದೇ ವೇಗದಲ್ಲಿ ಚೆನ್ನಾಗಿ ಓಡುತ್ತದೆ, ಕಾಲು ಒತ್ತಿದರೆ ಮಾತ್ರ ಮುಗ್ಗರಿಸಿ ಕಾರ್ಬ್ಯುರೇಟರ್‌ನಲ್ಲಿ ಉಗುಳುತ್ತದೆ.

ಎರಡನೆಯದು ಪಿಸ್ಟನ್ ಬೀಳುವ ಸದ್ದು. ಏರ್ ಕ್ಲೀನರ್ ಮತ್ತು ಡ್ಯಾಂಪರ್ ತೆಗೆದು, ಪಿಸ್ಟನ್ನನ್ನು ಬೆರಳಿನಿಂದ ಪೂರ್ತಿ ಎತ್ತಿ ಬಿಡಿ. ತಡೆಯಿಲ್ಲದೆ ಇಳಿದು ಲೋಹಕ್ಕೆ ಲೋಹ ತಾಗುವ "ಟಕ್" ಸದ್ದು ಬರಬೇಕು. ಅರ್ಧದಲ್ಲಿ ಕಚ್ಚಿಕೊಂಡರೆ ಡ್ಯಾಶ್‌ಪಾಟ್‌ಗೆ (ಪಿಸ್ಟನ್ ಮೇಲಿನ ಗುಮ್ಮಟಕ್ಕೆ) ಗುರುತು ಹಾಕಿಕೊಂಡು ಬಿಚ್ಚಿ, ಒಳಗೋಡೆ ಮತ್ತು ಪಿಸ್ಟನ್ ಅಂಚನ್ನು ಪೆಟ್ರೋಲ್ ಅಥವಾ ಥಿನ್ನರ್‌ನಲ್ಲಿ ತೊಳೆಯಿರಿ. ಎಮರಿ ಕಾಗದ ಖಂಡಿತ ಬೇಡ. ಆ ಎರಡರ ನಡುವಿನ ಸಂದು ಫ್ಯಾಕ್ಟರಿಯಲ್ಲಿ ಜೋಡಿ ನೋಡಿ ಕೂರಿಸಿದ್ದು. ಜೋಡಿಸುವಾಗ ಪಿಸ್ಟನ್ನಿನ ನಡುಗಂಬಿಗೆ ಒಂದು ಹನಿ ತೆಳು ಎಣ್ಣೆ, ಪಿಸ್ಟನ್ನಿನ ಅಗಲ ಅಂಚಿಗೆ ಏನೂ ಬೇಡ. ನೀಡಲ್ ಬಗ್ಗದಂತೆ ಹುಷಾರು. ಅದರ ಭುಜ ಪಿಸ್ಟನ್ ತಳಕ್ಕೆ ಸಮವಾಗಿ ಕೂತಿರಬೇಕು.

ಜೆಟ್ ಕೆಳಗಿಳಿಸಿದಾಗ ಟಕ್ ಬರುತ್ತದೆ, ಮೇಲೇರಿಸಿದಾಗ ಬರುವುದಿಲ್ಲ ಎಂದರೆ ಜೆಟ್ ನಡುವಿಗೆ ಕೂತಿಲ್ಲ, ನೀಡಲ್ ಒಂದು ಬದಿಗೆ ಉಜ್ಜುತ್ತಿದೆ. ನೀಡಲ್ಲನ್ನು ಬೆಳಕಿಗೆ ಹಿಡಿದರೆ ಒಂದೇ ಬದಿಯಲ್ಲಿ ಉದ್ದಕ್ಕೆ ಹೊಳೆಯುವ ಗೆರೆ ಕಾಣುತ್ತದೆ. ಕೇಂದ್ರಕ್ಕೆ ತರಲು ಚೋಕ್ ಲಿಂಕ್ ಬಿಡಿಸಿ ಜೆಟ್ಟನ್ನು ಕೆಳಗೆಳೆಯಿರಿ, ಹೊಂದಿಸುವ ನಟ್ ಬಿಚ್ಚಿ ಸ್ಪ್ರಿಂಗ್ ತೆಗೆಯಿರಿ, ಸ್ಪ್ರಿಂಗ್ ಇಲ್ಲದೆ ನಟ್ಟನ್ನು ತುದಿವರೆಗೆ ಏರಿಸಿ ಜೆಟ್ ಒಳಗಿಡಿ. ಅದರ ಮೇಲಿರುವ ದೊಡ್ಡ ಲಾಕ್ ನಟ್ ಸಡಿಲಿಸಿ. ಡ್ಯಾಂಪರ್ ತೂತಿನಿಂದ ಪೆನ್ಸಿಲ್ ಇಳಿಸಿ ಪಿಸ್ಟನ್ನನ್ನು ತಳಕ್ಕೆ ಒತ್ತಿಹಿಡಿದು ಲಾಕ್ ನಟ್ ಬಿಗಿ ಮಾಡಿ. ಮತ್ತೆ ಟಕ್ ಸದ್ದು ನೋಡಿ. ಒಂದೇ ಸಲಕ್ಕೆ ಬರುವುದು ಅಪರೂಪ. ಬರುವವರೆಗೆ ಮಾಡಬೇಕು, "ಹತ್ತಿರ ಬಂತು" ಎಂದು ಬಿಡುವ ಕೆಲಸ ಇದಲ್ಲ. ಸ್ಪ್ರಿಂಗ್ ಮೇಲೆ ಕೂತ ನೀಡಲ್ ಇರುವ ನಂತರದ ಕಾರ್ಬ್ಯುರೇಟರ್ ಹಾಕಿದ್ದರೆ ಈ ಕೆಲಸ ಬೇಕಿಲ್ಲ. ಅಲ್ಲಿ ನೀಡಲ್ ಬೇಕೆಂದೇ ಒಂದು ಬದಿಗೆ ಒರಗಿರುತ್ತದೆ.

ಮೂರನೆಯದು ಚೋಕ್ ಒತ್ತಿದ ಮೇಲೂ ಜೆಟ್ ಮೇಲಕ್ಕೆ ಮರಳದಿರುವುದು. ಎಂಜಿನ್ ಬಿಸಿಯಾಗಿ ಓಡುತ್ತಿರುವಾಗ ಜೆಟ್ ತಳವನ್ನು ಬೆರಳಿನಿಂದ ಮೇಲಕ್ಕೆ ಒತ್ತಿ. ಜೆಟ್ ಕದಲಿ ಎಂಜಿನ್ ಸದ್ದು ಹಗುರಾದರೆ ದೋಷ ಸಿಕ್ಕಿತು. ಕೇಬಲ್ಲಿಗೆ ಎಣ್ಣೆ ಬಿಡಿ, ಒತ್ತಿದ ಸ್ಥಿತಿಯಲ್ಲಿ ಒಂದೂವರೆ ಮಿ.ಮೀ. ಸಡಿಲ ಇರಲಿ, ಲಿವರ್‌ನ ರಿಟರ್ನ್ ಸ್ಪ್ರಿಂಗ್ ಜಾಗದಲ್ಲಿದೆಯೇ ನೋಡಿ. ಜೆಟ್ ಬುಡದಲ್ಲಿ ಪೆಟ್ರೋಲ್ ಜಿನುಗುವುದು ಎಚ್1, ಎಚ್2ಗಳಲ್ಲಿ ಸಾಮಾನ್ಯ. ಅವುಗಳ ಜೆಟ್ಟಿಗೆ ಕಾರ್ಕ್ ಸೀಲ್ ಇದೆ, ಒಣಗಿದರೆ ಸೋರುತ್ತದೆ. ಹೊಸದನ್ನು ಎಣ್ಣೆಯಲ್ಲಿ ನೆನೆಹಾಕಿ ಕೂರಿಸಿ. ಎಚ್‌ಎಸ್2ರಲ್ಲಿ ಆ ಕಾರ್ಕ್ ಇಲ್ಲ, ಫ್ಲೋಟ್ ಚೇಂಬರ್ ಬುಡದಿಂದ ಜೆಟ್ಟಿಗೆ ಬರುವ ನೈಲಾನ್ ಕೊಳವೆಯ ರಬ್ಬರ್ ಸೀಲ್ ಸೋರುತ್ತದೆ.

ಗಾಳಿ ಎಲ್ಲಿಂದ ನುಗ್ಗುತ್ತಿದೆ?

ಐಡ್ಲಿಂಗ್ ಏರಿಳಿತ, ಎಷ್ಟು ರಿಚ್ ಮಾಡಿದರೂ ಸಾಲದು, ಆಕ್ಸಿಲರೇಟರ್ ಬಿಟ್ಟ ಮೇಲೂ ವೇಗ ಇಳಿಯಲು ತಡ: ಇದು ಗಾಳಿ ಸೋರಿಕೆಯ ಮುಖ. ಥ್ರಾಟಲ್ ಸ್ಪಿಂಡಲ್ಲನ್ನು ಹಿಡಿದು ಅತ್ತಿತ್ತ ಅಲುಗಿಸಿ. ಎಚ್‌ಎಸ್2ರ ಸ್ಪಿಂಡಲ್ ನೇರವಾಗಿ ಅಲ್ಯೂಮಿನಿಯಂ ಮೈಯಲ್ಲೇ ತಿರುಗುತ್ತದೆ, ಬುಷ್ ಇಲ್ಲ. ಆದ್ದರಿಂದ ವಯಸ್ಸಾದ ಕಾರ್ಬ್ಯುರೇಟರ್‌ನಲ್ಲಿ ಸವೆತ ಇದ್ದೇ ಇರುತ್ತದೆ. ಆಟ ಕೈಗೆ ಸ್ಪಷ್ಟವಾಗಿ ಸಿಕ್ಕರೆ ಲೇತ್ ಕೆಲಸ ಬಲ್ಲವರಲ್ಲಿ ಬುಷ್ ಹಾಕಿಸಿ ಹೊಸ ಸ್ಪಿಂಡಲ್ ಕೂರಿಸಬೇಕು. ಸ್ಪಿಂಡಲ್ ಮಾತ್ರ ಬದಲಾಯಿಸಿದರೆ ದುಡ್ಡು ದಂಡ.

ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಕಾರ್ಬ್ಯುರೇಟರ್ ಮತ್ತು ಮ್ಯಾನಿಫೋಲ್ಡ್ ನಡುವಿನ ಪ್ಯಾಕಿಂಗ್, ಡಿಸ್ಟ್ರಿಬ್ಯೂಟರ್‌ಗೆ ಹೋಗುವ ವ್ಯಾಕ್ಯೂಮ್ ಪೈಪ್, ಇವನ್ನೂ ನೋಡಿ. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ, ಎಕ್ಸಾಸ್ಟ್ ಬಿಸಿಯಾಗುವ ಮೊದಲೇ ಸ್ಪ್ರೇ ಬಾಟಲಿಯಿಂದ ಜಾಯಿಂಟ್‌ಗಳಿಗೆ ಸ್ವಲ್ಪ ಸ್ವಲ್ಪ ಸೋಪಿನ ನೀರು ಹೊಡೆಯಿರಿ. ಸದ್ದು ಬದಲಾದ ಜಾಗದಲ್ಲಿ ಸೋರಿಕೆ. ಪೆಟ್ರೋಲ್ ಎರಚಿ ನೋಡುವ ಅಭ್ಯಾಸ ಕೆಲವರಿಗಿದೆ, ಅದು ಬೆಂಕಿಯ ದಾರಿ. ಕೊನೆಯ ವರ್ಷಗಳ 1098 ಗಾಡಿಗಳಲ್ಲಿ ಮ್ಯಾನಿಫೋಲ್ಡಿನ ಮೇಲೆ ಬಿಲ್ಲೆಯಾಕಾರದ ಬ್ರೀದರ್ ವಾಲ್ವ್ ಇರುತ್ತದೆ. ಅದರ ರಬ್ಬರ್ ಡಯಾಫ್ರಮ್ ಹರಿದರೆ ಗಾಳಿ ಧಾರಾಳವಾಗಿ ನುಗ್ಗುತ್ತದೆ. ಅದರ ಪೈಪನ್ನು ಕ್ಷಣಕಾಲ ಚಿವುಟಿ ಹಿಡಿದಾಗ ಐಡ್ಲಿಂಗ್ ನೆಟ್ಟಗಾದರೆ ಡಯಾಫ್ರಮ್ ಬದಲಾಯಿಸಿ.

ಬಿಸಿಲು ಮತ್ತು ಎಥನಾಲ್

ಇಂಗ್ಲೆಂಡಿನ ಹವೆಗೆ ರೂಪಿಸಿದ ಗಾಡಿಗೆ ಏಪ್ರಿಲ್ ತಿಂಗಳ ರಾಯಚೂರು ಕಷ್ಟವೇ. ಬಿಸಿ ಎಂಜಿನ್ ಆಫ್ ಮಾಡಿದ ಮೇಲೆ ಬಾನೆಟ್ ಒಳಗಿನ ಶಾಖ ಇನ್ನೂ ಏರುತ್ತದೆ, ಫ್ಲೋಟ್ ಚೇಂಬರ್‌ನ ಪೆಟ್ರೋಲ್ ಕುದಿದು ಜೆಟ್ಟಿನಿಂದ ಉಕ್ಕಿ ಮ್ಯಾನಿಫೋಲ್ಡ್ ಒದ್ದೆ ಮಾಡುತ್ತದೆ. ಚಹಾ ಕುಡಿದು ಬಂದು ಸ್ಟಾರ್ಟ್ ಮಾಡಿದರೆ ಆಗುವುದಿಲ್ಲ. ಆಗ ಚೋಕ್ ಮುಟ್ಟದೆ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ, ಹೆಚ್ಚಾದ ಪೆಟ್ರೋಲನ್ನು ಗಾಳಿ ಒಣಗಿಸುತ್ತದೆ. ಓಡುವಾಗಲೇ ಪಂಪ್ ಪಟಪಟನೆ ಟಿಕ್ ಹೊಡೆದು ಎಂಜಿನ್ ಸೋತರೆ ಹೀರುವ ಪೈಪಿನಲ್ಲಿ ಆವಿ ಕಟ್ಟಿದೆ. ಪಂಪ್ ಮತ್ತು ಪೈಪಿಗೆ ಒದ್ದೆ ಬಟ್ಟೆ ಸುತ್ತಿ ತಣಿಸಿ. ಮತ್ತೆ ಮತ್ತೆ ಆಗುತ್ತಿದ್ದರೆ ಪೈಪನ್ನು ಎಕ್ಸಾಸ್ಟ್‌ನಿಂದ ದೂರ ಸರಿಸಿ, ಕಾರ್ಬ್ಯುರೇಟರ್ ಅಡಿ ಶಾಖ ತಡೆಯುವ ತಗಡು ಮತ್ತು ದಪ್ಪ ಇನ್ಸುಲೇಷನ್ ಬ್ಲಾಕ್ ಇದೆಯೇ ಖಚಿತಪಡಿಸಿಕೊಳ್ಳಿ. ಹಳೆಯ ಗಾಡಿಗಳಲ್ಲಿ ಅವನ್ನು ಕಿತ್ತು ಹಾಕಿರುವುದು ಬಹಳ.

ಬ್ರಿಟನ್ನಿನ ಬಂಕ್‌ಗಳಲ್ಲಿ 2021ರ ಸೆಪ್ಟೆಂಬರ್‌ನಿಂದ ಸಾಮಾನ್ಯ ಪೆಟ್ರೋಲ್ ಎಂದರೆ ಇ10. ನಮ್ಮಲ್ಲಿ 2023ರಲ್ಲಿ ಶುರುವಾದ ಇ20 ಈಗ ಬಹುತೇಕ ಎಲ್ಲೆಡೆ ಇದೆ. ಎಥನಾಲ್ ಸೇರಿದಷ್ಟೂ ಅದೇ ಗಾಳಿಗೆ ಹೆಚ್ಚು ಇಂಧನ ಬೇಕು. ಶುದ್ಧ ಪೆಟ್ರೋಲಿಗೆ ಗಾಳಿಯ ಪ್ರಮಾಣ 14.7ಕ್ಕೆ 1 ಇದ್ದದ್ದು ಇ20ಗೆ ಸುಮಾರು 13.5ಕ್ಕೆ 1. ಪೆಟ್ರೋಲ್ ಬದಲಾದರೆ ಗಾಡಿ ತಾನಾಗಿ ಲೀನ್ ಆಗುವುದು ಇದರಿಂದ. ಜೆಟ್ ನಟ್ಟನ್ನು ಮುಟ್ಟಲು ಇದೊಂದು ನ್ಯಾಯವಾದ ಕಾರಣ. ಅದಕ್ಕೂ ಮೊದಲು ಹಳೆಯ ರಬ್ಬರ್ ಪೈಪೆಲ್ಲ ತೆಗೆದು ಎಥನಾಲ್ ತಡೆಯುವ ಆರ್9 ದರ್ಜೆಯ 6 ಮಿ.ಮೀ. ಪೈಪ್ ಹಾಕಿ. ಹಳೆಯ ರಬ್ಬರ್ ಒಳಗಿಂದ ಕರಗಿ, ಅದರ ಕಪ್ಪು ಚೂರುಗಳೇ ಫ್ಲೋಟ್ ನೀಡಲ್‌ನಲ್ಲಿ ಸಿಕ್ಕಿಕೊಳ್ಳುತ್ತವೆ. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ ಫ್ಲೋಟ್ ಚೇಂಬರ್ ಖಾಲಿ ಮಾಡಿಡಿ.

ಕೊನೆಗೆ ಜೆಟ್ ನಟ್

ಮೇಲಿನದೆಲ್ಲ ಸರಿಯಿದೆ ಎಂದ ಮೇಲಷ್ಟೇ ಇದು. ಪೂರ್ತಿ ತಪ್ಪಿಹೋದ ಸೆಟ್ಟಿಂಗ್ ಆದರೆ ನಟ್ ಏರಿಸಿ ಜೆಟ್ಟಿನ ಬಾಯಿ ಸೇತುವೆಗೆ (ಪಿಸ್ಟನ್ ಬಂದು ಕೂರುವ ಮಟ್ಟಸ ಜಾಗಕ್ಕೆ) ಸಮ ಮಾಡಿ, ಅಲ್ಲಿಂದ ಎರಡು ಸುತ್ತು, ಅಂದರೆ ಆರು ಮುಖದ ಆ ನಟ್ಟಿನ 12 ಮುಖ, ಇಳಿಸಿ. ಎಂಜಿನ್ ಚೆನ್ನಾಗಿ ಬಿಸಿ ಮಾಡಿ, 600ರಿಂದ 700 ಆರ್‌ಪಿಎಮ್ ಐಡ್ಲಿಂಗ್‌ನಲ್ಲಿ ಬಿಡಿ. ಕಾರ್ಬ್ಯುರೇಟರ್ ಬದಿಯ ಪುಟ್ಟ ಪಿನ್ ಒತ್ತಿ ಪಿಸ್ಟನ್ನನ್ನು 0.8 ಮಿ.ಮೀ. ಮಾತ್ರ ಎತ್ತಿ. ಪಿನ್ನಿನ ಮೊದಲ ಸ್ವಲ್ಪ ಚಲನೆ ಖಾಲಿ ಆಟ, ಪಿಸ್ಟನ್ ತಾಗಿದ ಮೇಲಿನದು ಲೆಕ್ಕ. ವೇಗ ಏರಿ ಏರಿಯೇ ಉಳಿದರೆ ರಿಚ್, ನಟ್ ಒಂದು ಮುಖ ಮೇಲಕ್ಕೆ. ತಕ್ಷಣ ಕುಸಿದರೆ ಲೀನ್, ಒಂದು ಮುಖ ಕೆಳಕ್ಕೆ. ಕ್ಷಣಕಾಲ ಸ್ವಲ್ಪ ಏರಿ ಮತ್ತೆ ಮೊದಲಿನಂತಾದರೆ ಸರಿ. ಪ್ರತಿ ಸಲವೂ ಒಂದೇ ಮುಖ ತಿರುಗಿಸಿ, ಜೆಟ್ಟನ್ನು ಮೇಲಕ್ಕೆ ಒತ್ತಿ ನಟ್ಟಿಗೆ ತಾಗಿದೆ ಎಂದು ನೋಡಿಕೊಳ್ಳಿ. ಮೂರು ನಿಮಿಷಕ್ಕೊಮ್ಮೆ ಎಂಜಿನ್ ಸ್ವಲ್ಪ ರೇಸ್ ಮಾಡಿ ತೆರವು ಮಾಡದಿದ್ದರೆ ಫಲಿತಾಂಶ ಸುಳ್ಳಾಗುತ್ತದೆ. ಕೊನೆಯ ಪರೀಕ್ಷೆ ಏರ್ ಕ್ಲೀನರ್ ಹಾಕಿಯೇ ಮಾಡಬೇಕು. ಮಂಗಳೂರಿನಲ್ಲಿ ಹೊಂದಿಸಿದ ಗಾಡಿ ಬೆಂಗಳೂರಿನ ಎತ್ತರದಲ್ಲಿ ತುಸು ರಿಚ್ ಆಗಿಯೇ ಓಡುತ್ತದೆ, ಹೆಚ್ಚು ಓಡುವ ಊರಿಗೆ ಹೊಂದಿಸಿ.

ನಟ್ ಪೂರ್ತಿ ಮೇಲೇರಿದರೂ ರಿಚ್ ಇದ್ದರೆ ಜೆಟ್ ಬಾಯಿ ಅಂಡಾಕಾರಕ್ಕೆ ಸವೆದಿದೆ ಅಥವಾ ಫ್ಲೋಟ್ ಮಟ್ಟ ಹೆಚ್ಚಿದೆ. ಐಡ್ಲಿಂಗ್ ಸರಿಯಿದ್ದು ಓಡುವಾಗ ಮಾತ್ರ ತಪ್ಪಿದ್ದರೆ ಯಾರೋ ಬೇರೆ ನೀಡಲ್ ಹಾಕಿರಬಹುದು. ನೀಡಲ್‌ನ ಮೇಲ್ಭಾಗದಲ್ಲಿ ಕೊರೆದ ಅಕ್ಷರ ನೋಡಿ: 1098 ಮೈನರ್‌ಗೆ ಎಎನ್, 848 ಮಿನಿಗೆ ಇಬಿ, ಎರಡಕ್ಕೂ ಕೆಂಪು ಬಣ್ಣದ ಪಿಸ್ಟನ್ ಸ್ಪ್ರಿಂಗ್. ಅಕ್ಷರ ಅಳಿಸಿದ್ದರೆ ಊಹಿಸಬೇಡಿ, ಹೊಸ ನೀಡಲ್ ಮತ್ತು ಜೆಟ್ ಒಟ್ಟಿಗೆ ಹಾಕಿ, ಕೇಂದ್ರಕ್ಕೆ ತಂದು, ಮತ್ತೆ 12 ಮುಖದಿಂದ ಶುರುಮಾಡಿ.